ಶಲ್ಯದ ಕೆಳಗಿನ ಎರಡು ಅಂಕಿ

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಕಾಕಾ ನಮ್ಮ ಪ್ರಯೋಗಾಲಯಕ್ಕೆ ಬಂದ ದಿನ ಮೋಡ ಕವಿದಿತ್ತು ಎಂದು ನನ್ನ ನೆನಪು. ಅಂದಿನ ಡೈರಿಯಲ್ಲಿ 'ಬಿಸಿಲು. ಕಾಕಾನನ್ನು ಮೂರನೇ ಮಹಡಿ ಹತ್ತಿಸಿದ್ದು ತಪ್ಪಾಯಿತು' ಎಂದು ನನ್ನದೇ ಅಕ್ಷರದಲ್ಲಿದೆ. ಡೈರಿ ಬರೆಯುವುದು ಇಪ್ಪತ್ತು ವರ್ಷದ ಅಭ್ಯಾಸ. ಅದರಿಂದ ಕಲಿತದ್ದು, ಸಿಟ್ಟು ಬಂದ ದಿನ ಬರೆದದ್ದನ್ನು ನಂಬಬಾರದು, ಸಿಟ್ಟು ಇಳಿದ ಮೇಲೆ ನೆನೆದದ್ದನ್ನು ಇನ್ನೂ ನಂಬಬಾರದು. ಆದ್ದರಿಂದ ಇದನ್ನು ಬರೆಯುವಾಗ ನೆನಪು, ಡೈರಿ, ಪ್ರಯೋಗಾಲಯದ ದಾಖಲೆ ಪುಸ್ತಕ ಮೂರನ್ನೂ ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಅವು ಒಂದಕ್ಕೊಂದು ಒಪ್ಪದ ಕಡೆ ಹಾಗೆಂದೇ ಹೇಳುತ್ತೇನೆ. ಸಿಟ್ಟಿನ ವಿಷಯದಲ್ಲಿ ಮಾತ್ರ ಮೂರೂ ಒಪ್ಪುತ್ತವೆ.

ಧಾರವಾಡದ ಒಂದು ಭೌತಶಾಸ್ತ್ರ ವಿಭಾಗದಲ್ಲಿ ನನ್ನ ಕೆಲಸ ಪಾಸಿಟ್ರಾನ್‌ಗಳ ಜತೆ. ಪಾಸಿಟ್ರಾನ್ ಎಂದರೆ ಎಲೆಕ್ಟ್ರಾನಿನ ಪ್ರತಿಕಣ. ತೂಕ ಅಷ್ಟೇ, ವಿದ್ಯುದಂಶ ಮಾತ್ರ ವಿರುದ್ಧ. ಪ್ರತಿದ್ರವ್ಯ ಎಂದೊಡನೆ ಜನ ಪರದೇಶದಲ್ಲಿ ನೆಲದಡಿ ಕಟ್ಟಿದ ಭಾರಿ ಯಂತ್ರಗಳನ್ನು ನೆನೆಯುತ್ತಾರೆ. ನಮ್ಮಲ್ಲಿ ಅದು ಒಂದು ಬಗೆಯ ಸೋಡಿಯಂ ಉಪ್ಪಿನಿಂದ ತಾನಾಗಿ ಹೊರಬರುತ್ತದೆ. ಎರಡು ತೆಳು ಹಾಳೆಗಳ ನಡುವೆ ಒಣಗಿಸಿದ ಆ ಉಪ್ಪು ಕಿರುಬೆರಳಿನ ಉಗುರಿನಷ್ಟೂ ಇಲ್ಲ. ಹೊರಬಂದ ಪಾಸಿಟ್ರಾನ್‌ಗೆ ಎಲೆಕ್ಟ್ರಾನ್ ಸಿಕ್ಕರೆ ಎರಡೂ ಇಲ್ಲವಾಗಿ ಗಾಮಾ ಕಿರಣಗಳು ಮಾತ್ರ ಉಳಿಯುತ್ತವೆ. ಆದರೆ ಕೆಲವು ಸಲ ಇಲ್ಲವಾಗುವ ಮುಂಚೆ ಅವೆರಡೂ ಒಂದನ್ನೊಂದು ಸುತ್ತುತ್ತ, ಒಂದು ಪುಟ್ಟ ಪರಮಾಣುವಿನಂತೆ ಕ್ಷಣಕಾಲ ಬದುಕುತ್ತವೆ. ಆ ಜೋಡಿಯ ಹೆಸರು ಪಾಸಿಟ್ರೋನಿಯಂ. ಅದರಲ್ಲಿ ಹೆಚ್ಚು ಬಾಳುವ ಬಗೆಯ ಸರಾಸರಿ ಆಯುಷ್ಯ ಸುಮಾರು ನೂರ ನಲವತ್ತೆರಡು ನ್ಯಾನೋಸೆಕೆಂಡ್. ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ಈ ಆಯುಷ್ಯವನ್ನು ಹತ್ತು ಸಾವಿರದಲ್ಲಿ ಐದು ಭಾಗದ ತಪ್ಪಿನೊಳಗೆ ಅಳೆಯುವುದು ನಾವು ಹಮ್ಮಿಕೊಂಡ ಕೆಲಸವಾಗಿತ್ತು.

ವಿಧಾನ ಕೇಳಲು ಸರಳ. ಪಾಸಿಟ್ರಾನ್ ಹುಟ್ಟುವಾಗ ಸೋಡಿಯಂ ಒಂದು ಗಾಮಾ ಕಿರಣವನ್ನೂ ಬಿಡುತ್ತದೆ, ಅದು ಹುಟ್ಟಿನ ಸುದ್ದಿ. ಜೋಡಿ ಅಳಿದಾಗ ಬೇರೆ ಕಿರಣಗಳು ಬರುತ್ತವೆ, ಅದು ಸಾವಿನ ಸುದ್ದಿ. ಎದುರುಬದುರು ಇಟ್ಟ ಎರಡು ಶೋಧಕಗಳಲ್ಲಿ ಒಂದು ಮೊದಲನೆಯದನ್ನು, ಇನ್ನೊಂದು ಎರಡನೆಯದನ್ನು ಹಿಡಿಯುತ್ತದೆ. ನಡುವಿನ ಸಮಯವನ್ನು ಒಂದು ಗಡಿಯಾರ ಅಳೆಯುತ್ತದೆ. ಹೀಗೆ ಕೋಟಿಗಟ್ಟಲೆ ಸಲ. ಉಪ್ಪು ಇರುವ ಉಕ್ಕಿನ ಡಬ್ಬಿಯಲ್ಲಿ ನೈಟ್ರೋಜನ್ ತುಂಬಿರುತ್ತೇವೆ. ಅದರ ಅಣುಗಳಿಗೆ ಡಿಕ್ಕಿ ಹೊಡೆದು ಜೋಡಿ ಬೇಗ ಸಾಯುವುದರಿಂದ ಒತ್ತಡವನ್ನು ಇಳಿಸುತ್ತ ಇಳಿಸುತ್ತ ಅಳೆದು, ಒತ್ತಡವೇ ಇಲ್ಲದಿದ್ದರೆ ಎಷ್ಟಿರುತ್ತಿತ್ತು ಎಂದು ಗೆರೆ ಎಳೆದು ನೋಡುತ್ತೇವೆ.

ಇದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಮನಸ್ಸು. ಉತ್ತರ ಪುಸ್ತಕದಲ್ಲಿದೆ. ನಮ್ಮ ಅಂಕಿ ಪುಸ್ತಕಕ್ಕೆ ಹತ್ತಿರ ಬಂದ ದಿನ ತಪ್ಪು ಹುಡುಕುವುದನ್ನು ನಿಲ್ಲಿಸುತ್ತೇವೆ, ದೂರವಿದ್ದ ದಿನ ಹುಡುಕುತ್ತಲೇ ಇರುತ್ತೇವೆ. ನಾನೇ ಹಾಗೆ ಮಾಡಿದ್ದೆ. ಸಂಶೋಧನೆಯ ಮೊದಲ ವರ್ಷಗಳಲ್ಲಿ ಒಂದು ಅಳತೆ ಪುಸ್ತಕದಂತೆಯೇ ಬಂದಾಗ ಸಂತೋಷದಿಂದ ಮುಗಿಸಿಬಿಟ್ಟೆ. ಎರಡು ವರ್ಷದ ನಂತರ ಒಂದು ಕೇಬಲ್ ನಾನು ಅಂದುಕೊಂಡದ್ದಕ್ಕಿಂತ ಗೇಣುದ್ದ ಹೆಚ್ಚಿದೆ ಎಂದು ಗೊತ್ತಾಯಿತು. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿ ಸರಿಯಾದ ಉತ್ತರ ಕೊಟ್ಟಿದ್ದವು. ಯಾರೂ ನನ್ನನ್ನು ಬಯ್ಯಲಿಲ್ಲ, ಉತ್ತರ ಸರಿಯಿತ್ತಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಆದ್ದರಿಂದ ಈ ಸಲ ನಮ್ಮ ಕಣ್ಣು ನಾವೇ ಕಟ್ಟಿಕೊಳ್ಳಬೇಕು ಎಂದು ಹಟ ಹಿಡಿದೆ. ಇಂಥ ಅಳತೆಗಳಲ್ಲಿ ಅದು ಬಳಕೆಯಲ್ಲಿರುವ ಕ್ರಮವೇ. ಗಡಿಯಾರವನ್ನು ಬೇಕೆಂದೇ ಸ್ವಲ್ಪ ಜೋರಾಗಿ ಓಡುವಂತೆ ಮಾಡುವುದು, ಎಷ್ಟು ಎಂಬುದು ನಮಗೆ ಗೊತ್ತಿರಬಾರದು. ಹೊರಗಿನವರೊಬ್ಬರು ಆ ಅಂಕಿಯನ್ನು ಆರಿಸಿ, ಬರೆದು, ಲಕೋಟೆಯಲ್ಲಿ ಮುಚ್ಚಿ ತಮ್ಮ ಬಳಿ ಇಟ್ಟುಕೊಳ್ಳಬೇಕು. ತಿದ್ದುವುದು, ತೆಗೆಯುವುದು ಎಲ್ಲ ಮುಗಿದ ಮೇಲೆಯೇ ಲಕೋಟೆ ಒಡೆಯಬೇಕು. ಅಲ್ಲಿಯವರೆಗೆ ನಮ್ಮ ಅಂಕಿ ಪುಸ್ತಕಕ್ಕೆ ಹತ್ತಿರವೋ ದೂರವೋ ಯಾರಿಗೂ ತಿಳಿಯದು.

ನನ್ನ ಸಂಶೋಧನಾ ವಿದ್ಯಾರ್ಥಿನಿ ಎರಡು ಅಂಕಿಚಕ್ರಗಳನ್ನು ತಗಡಿನ ಪೆಟ್ಟಿಗೆಯೊಂದರಲ್ಲಿ ಕೂಡಿಸಿದಳು. ಒಂದು ಹತ್ತರದು, ಇನ್ನೊಂದು ಬಿಡಿಯದು. ಚಕ್ರದಲ್ಲಿ ಮೂವತ್ತೇಳು ಇಟ್ಟರೆ ಗಡಿಯಾರ ಹತ್ತು ಸಾವಿರಕ್ಕೆ ಮೂವತ್ತೇಳು ಭಾಗ ಮುಂದೆ ಓಡುತ್ತದೆ. ಗಡಿಯಾರ ಕೆಡಲಿಲ್ಲ ಎಂದು ನೋಡಿಕೊಳ್ಳಲು ಅವಳು ಬರೆದ ಪ್ರೋಗ್ರಾಂ ದಿನಕ್ಕೊಮ್ಮೆ 'ಸರಿ' ಎಂದೋ 'ಸರಿಯಿಲ್ಲ' ಎಂದೋ ಮಾತ್ರ ಹೇಳುತ್ತಿತ್ತು.

ಇನ್ನು ಅಂಕಿ ಇಡುವವರು ಯಾರು? ವಿಭಾಗದ ಮುಖ್ಯಸ್ಥರು ತಾವೇ ಇಡುತ್ತೇನೆ ಎಂದರು. ಬೇಡವೆಂದೆ. ಅದು ಅವರಿಗೆ ನಾಟಿರಬಹುದು. ನಾನು ಆರಿಸಿದ್ದು ನನ್ನ ಕಾಕಾನನ್ನು, ಅಂದರೆ ನನ್ನ ತಂದೆಯ ತಮ್ಮನನ್ನು. ಅವರು ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಹತ್ತಿ, ಮೆಣಸಿನಕಾಯಿ ವ್ಯಾಪಾರ ಮಾಡಿದವರು. ಅವರ ಕಾಲದ ಮಾರುಕಟ್ಟೆಯಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಹೆಗಲ ಮೇಲಿನ ಶಲ್ಯವನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಕೆಳಗೆ ಬೆರಳು ಹಿಡಿದು ಹೇಳುತ್ತಿದ್ದರು. ಮೊದಲ ಹಿಡಿತ ಹತ್ತರದು, ಎರಡನೆಯದು ಬಿಡಿಯದು. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಆ ಅಂಕಿ ಎರಡು ಕೈಗಳಲ್ಲೇ ಉಳಿಯುತ್ತಿತ್ತು. ನಮ್ಮ ಮನೆತನದಲ್ಲಿ ಕಾಕಾನ ಶಲ್ಯದ ಕೆಳಗಿನ ಮಾತು ಎಂದರೆ ಪ್ರಮಾಣ ಮಾಡಿದಂತೆ. ಗುಟ್ಟಿನ ಅಂಕಿಯೊಂದನ್ನು ಕಾಯಲು ಇವರಿಗಿಂತ ಯೋಗ್ಯರು ನನಗೆ ಗೊತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಸತ್ತೂರಿನ ಆಸ್ಪತ್ರೆಗೆ ಕಣ್ಣು ತೋರಿಸಲು ಬಂದವರು ಅಲ್ಲಿಂದ ನಮ್ಮಲ್ಲಿಗೆ ಬಂದರು. ಧೋತರ, ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಶಲ್ಯ. ಪೆಟ್ಟಿಗೆಯನ್ನು ತಿರುಗಿಸಿ ನೋಡಿ, "ಜಗತ್ತಿನ ಮಂದಿ ಗಡಿಯಾರ ರಿಪೇರಿ ಮಾಡಿಸ್ತಾರ, ನೀ ಕೆಡಸಾಕ ನನ್ನ ಕರಿಸೀದಿ" ಎಂದರು. ವಿದ್ಯಾರ್ಥಿನಿ ನಕ್ಕಳು. ನಾವೆಲ್ಲ ಹೊರಗೆ ನಿಂತೆವು. ಒಳಗೆ ಅವರು ಪೆಟ್ಟಿಗೆಯ ಮೇಲೆ ಶಲ್ಯ ಹೊದಿಸಿಕೊಂಡು ಸೊನ್ನೆಯಿಂದ ಒಂದೊಂದೇ ಹಲ್ಲು ಎಣಿಸಿ ಚಕ್ರ ತಿರುಗಿಸಿದರಂತೆ. ಮುಚ್ಚಳದ ಸ್ಕ್ರೂಗಳಿಗೆ ಅರಗು ಸುರಿದು ತಮ್ಮ ಉಂಗುರ ಒತ್ತಿದರು. ಕಾಗದದ ಮೇಲೆ ಅಂಕಿ ಬರೆದು, ಲಕೋಟೆಗೂ ಅರಗು ಹಾಕಿ, ಅಂಗಿಯ ಒಳಕಿಸೆಗೆ ಸೇರಿಸಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದರು.

ಆಮೇಲಿನ ತಿಂಗಳುಗಳು ಬೇಸರದವು, ನಿಜವಾದ ಕೆಲಸ ಹಾಗೆಯೇ ಇರುತ್ತದೆ. ಮೊದಲ ಎರಡು ತಿಂಗಳು ಉಕ್ಕಿನ ಡಬ್ಬಿ ಸೋರಿತು. ಅದನ್ನು ಮಾಡಿಸಿದ್ದು ಧಾರವಾಡದ ಹೊರಗಿರುವ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ನಾನು ಅಲ್ಲಿ ಹೋಗಿ ಕೂಗಾಡಿದೆ. ಅದರ ಮಾಲೀಕರು ನನ್ನ ಡ್ರಾಯಿಂಗನ್ನೇ ತೆರೆದು ಮುಂದಿಟ್ಟು, "ನಾವು ಟ್ರ್ಯಾಕ್ಟರ್ ಸಾಮಾನು ಮಾಡೋ ಮಂದಿರಿ ಮೇಡಂ. ಕನ್ನಡಿ ಹಂಗ ನುಣುಪು ಬೇಕಂದ್ರ ಇದರಾಗ ಬರದಿರಬೇಕಲ್ರಿ, ಎಲ್ಲೈತಿ ತೋರಸ್ರಿ" ಎಂದರು. ಬರೆದಿರಲಿಲ್ಲ. ಅವರು ರಬ್ಬರ್ ಉಂಗುರ ಕೂರುವ ತೋಡನ್ನು ತಾವೇ ಮತ್ತೆ ಉಜ್ಜಿ ಕೊಟ್ಟರು. ಸೋರಿಕೆ ನಿಂತಿತು.

ಅಕ್ಟೋಬರಿನ ಸೆಕೆಯಲ್ಲಿ ಕೋಣೆಯ ಎಸಿ ಕೆಟ್ಟು ಹನ್ನೆರಡು ದಿನ ಹಾಗೇ ಇತ್ತು. ಶೋಧಕಗಳಿಂದ ಬರುವ ಸಂಕೇತದ ವೇಳೆ ಬಿಸಿಗೆ ಜರುಗುತ್ತದೆ. ಆ ದಿನಗಳ ಅಳತೆಯನ್ನು ಎಸೆಯಬೇಕೋ ಬೇಡವೋ ಎಂದು ಚರ್ಚಿಸಿದೆವು. ವಿದ್ಯಾರ್ಥಿನಿ ಪ್ರತಿ ಗಂಟೆಯ ಉಷ್ಣತೆ ಬರೆದಿಟ್ಟಿದ್ದಳು. ಎಸಿ ಸರಿಯಾದ ಮೇಲೆ ಬೇಕೆಂದೇ ಕೋಣೆ ಬಿಸಿ ಮಾಡಿ, ವೇಳೆ ಎಷ್ಟು ಜರುಗುತ್ತದೆ ಎಂದು ಅಳೆದು, ತಿದ್ದುಪಡಿ ತಯಾರಿಸಿದಳು. ಅಚ್ಚುಕಟ್ಟಾದ ಕೆಲಸ. 'ಹನ್ನೆರಡೂ ದಿನ ಉಳಿಸಿಕೊಳ್ಳುವುದು, ತಿದ್ದುಪಡಿಯೊಂದಿಗೆ' ಎಂದು ದಾಖಲೆ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಎಸಿ ರಿಪೇರಿಗಾಗಿ ಆಡಳಿತ ಕಚೇರಿಯಲ್ಲಿ ಜಗಳ ಮಾಡಿದವರು ಮುಖ್ಯಸ್ಥರೇ ಎಂಬುದನ್ನೂ ಇಲ್ಲಿ ಹೇಳಬೇಕು. ಅವರು ನಮ್ಮ ಕೆಲಸಕ್ಕೆ ಅಡ್ಡ ಬಂದವರಲ್ಲ. ಹಾಗೆ ಬಂದಿದ್ದರೆ ಸಿಟ್ಟು ಮಾಡುವುದು ಸುಲಭವಾಗುತ್ತಿತ್ತು.

ಮಾರ್ಚ್‌ನಲ್ಲಿ ಅವರು ನಮ್ಮ ವಾರದ ಸಭೆಗಳಿಗೆ ಬರತೊಡಗಿದರು. ಏಪ್ರಿಲಿನಲ್ಲಿ ವಿಭಾಗವನ್ನು ನೋಡಲು ಹೊರಗಿನ ಪರಿಶೀಲನಾ ಸಮಿತಿ ಬರುವುದಿತ್ತು. ಮೊದಲ ಸಭೆಯಲ್ಲೇ ಅವರು ಹನ್ನೆರಡು ದಿನಗಳ ಮಾತು ತೆಗೆದರು. ಎಸಿ ಇಲ್ಲದಾಗಿನ ಅಳತೆ ಯಾರೂ ಒಪ್ಪುವುದಿಲ್ಲ, ಬಿಟ್ಟುಬಿಡಿ ಎಂದರು. ವಿದ್ಯಾರ್ಥಿನಿ ತನ್ನ ತಿದ್ದುಪಡಿ ವಿವರಿಸಿದಳು. ಅವರು ಮತ್ತೆ ಅದನ್ನೇ ಹೇಳಿದರು. ನಾನು ಒಪ್ಪಿದೆ. ಯಾಕೆ ಒಪ್ಪಿದೆ? ಆ ದಿನದ ಡೈರಿಯಲ್ಲಿ ಕಾರಣವಿಲ್ಲ, 'ಬಿಟ್ಟೆವು' ಎಂದಷ್ಟೇ ಇದೆ. ದಣಿದಿದ್ದೆ ಎಂದು ಈಗ ಅನಿಸುತ್ತದೆ, ಆದರೆ ದಣಿವು ಎಂಬುದು ಹಿಂದಿನ ತಪ್ಪಿಗೆ ನಾವು ತೊಡಿಸುವ ಒಳ್ಳೆಯ ಬಟ್ಟೆ. ಹನ್ನೆರಡು ದಿನ ಬಿಟ್ಟಾಗ ನಮ್ಮ ಅಂಕಿ ತುಸು ಮೇಲೆ ಸರಿಯಿತು. ಮುಂದಿನ ಐದು ಸಭೆಗಳಲ್ಲಿ ಇನ್ನೂ ನಾಲ್ಕಾರು ಸಣ್ಣ ನಿರ್ಧಾರಗಳಾದವು. ಅವರು ಮೂಲೆಯ ಕುರ್ಚಿಯಲ್ಲಿ ಕೂತು ಕೆಲವಕ್ಕೆ ತಲೆಯಾಡಿಸಿದರು, ಕೆಲವಕ್ಕೆ ಆಡಿಸಲಿಲ್ಲ.

ಸಮಿತಿ ಬಂದ ದಿನ ನಮ್ಮ ಕೋಣೆಯಲ್ಲಿ ಏಳೆಂಟು ಜನ ತುಂಬಿದ್ದರು. ನಾನು ಉಪಕರಣ ತೋರಿಸಿ, ಗಡಿಯಾರದ ಪೆಟ್ಟಿಗೆಯ ಮೇಲಿನ ಅರಗು ತೋರಿಸಿ, ಲಕೋಟೆ ಇನ್ನೂ ಒಡೆದಿಲ್ಲ, ಆದ್ದರಿಂದ ಫಲಿತಾಂಶ ಹೇಳುವಂತಿಲ್ಲ ಎಂದೆ. ಸಮಿತಿಯ ಹಿರಿಯರೊಬ್ಬರು ಒಳ್ಳೆಯದು ಎನ್ನುವಂತೆ ನೋಡಿದರು. ಆಗ ಮುಖ್ಯಸ್ಥರು ನನ್ನ ಹಿಂದಿನಿಂದ ಹೇಳಿದರು: "ಲಕೋಟಿ ಒಡಿಯೋದು ಬರೇ ಶಾಸ್ತ್ರರಿ. ನಮ್ಮ ಅಂಕಿ ಪುಸ್ತಕದ ಅಂಕಿಗೆ ಒಪ್ಪತೈತಿ."

ಎಲ್ಲರೂ ಮುಗುಳ್ನಕ್ಕರು, ಬರೆದುಕೊಂಡರು, ಮುಂದಿನ ಕೋಣೆಗೆ ಹೋದರು. ಗಡಿಯಾರ ಎಷ್ಟು ಮುಂದೆ ಓಡುತ್ತಿದೆ ಎಂದು ಗೊತ್ತಿಲ್ಲದವರು ಒಪ್ಪುತ್ತದೆ ಎಂದು ಹೇಳಲು ಸಾಧ್ಯವೇ ಇಲ್ಲ. ಹಾಗಿದ್ದರೆ ಒಂದೋ ಅವರು ಸುಳ್ಳು ಹೇಳಿದರು, ಇಲ್ಲವೇ ಅವರಿಗೆ ಅಂಕಿ ಗೊತ್ತು. ಸಮಿತಿ ಹೋದ ಮೇಲೆ ಅವರ ಕೋಣೆಗೆ ಹೋಗಿ ನೇರವಾಗಿ ಕೇಳಿದೆ. ಅವರು ಬಾಗಿಲು ಮುಚ್ಚಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಅಷ್ಟ್ಯಾಕ ತಲಿ ಕೆಡಿಸ್ಕೊಳ್ತೀರಿ ಮೇಡಂ? ನೂರಾರು ಮಂದಿ ಅಳದಾರ, ಎಲ್ಲಾರದೂ ಒಪ್ಪೇತಿ. ನಮ್ಮದೊಂದು ಒಪ್ಪದ ಎಲ್ಲಿಗೆ ಹೋಗತೈತಿ?" ಎಂದರು.

ನನ್ನನ್ನು ಉರಿಸಿದ್ದು ಸುಳ್ಳಿಗಿಂತ ಈ ಮಾತು. ಒಪ್ಪುವುದೇ ಗ್ಯಾರಂಟಿಯಾದರೆ ಒಂಬತ್ತು ತಿಂಗಳು ಅಳೆದದ್ದು ಯಾಕೆ? ನೂರಾರು ಜನರಲ್ಲಿ ಎಷ್ಟು ಮಂದಿ ನನ್ನ ಹಾಗೆ ಕೇಬಲ್ಲಿನ ಉದ್ದ ನೋಡದೆ ಸಂತೋಷಪಟ್ಟು ಮನೆಗೆ ಹೋದವರು?

ಆ ಭಾನುವಾರ ಹುಬ್ಬಳ್ಳಿಗೆ ಹೋದೆ. ಕಾಕಾ ಹೊರಗೆ ಹೋಗಿದ್ದರು. ಅವರ ಹೆಂಡತಿ, ನನ್ನ ಕಾಕು, ಮಂಡಕ್ಕಿಯ ಗಿರಮಿಟ್ಟು ಕಲಸುತ್ತ ಮನೆಯ ಸುದ್ದಿ ಹೇಳುತ್ತಿದ್ದವರು, ನಿಮ್ಮ ಸರ್ ಭಾಳ ಛಲೋ ಮನುಷ್ಯಾ ಎಂದರು. ಯಾವ ಸರ್ ಎಂದೆ. ಶಿವರಾತ್ರಿ ಮುಗಿದ ಮೇಲೆ ನಿಮ್ಮ ಮುಖ್ಯಸ್ಥರು ಮಗಳ ಲಗ್ನದ ಪತ್ರಿಕೆ ಕೊಡಲು ಬಂದಿದ್ದರು, ಅವರ ಬೀಗರ ಪೈಕಿ ಯಾರೋ ನಮ್ಮ ಅಂಗಡಿಯ ಹಳೆಯ ಗುರುತಿನವರಂತೆ ಎಂದರು. ಇದರಲ್ಲಿ ವಿಶೇಷವೇನಿಲ್ಲ, ನಮ್ಮ ಕಡೆ ಲಗ್ನಪತ್ರಿಕೆಯನ್ನು ಹಿರಿಯರ ಮನೆಗೆ ಹೋಗಿಯೇ ಕೊಡುತ್ತಾರೆ. ಚಹಾ ಕುಡಿಯುತ್ತ ಮಾತು ಹಳೆಯ ಮಾರುಕಟ್ಟೆಗೆ ಹೊರಳಿತಂತೆ. ಶಲ್ಯದ ಕೆಳಗೆ ಹೇಗೆ ಹೇಳುತ್ತಿದ್ದಿರಿ, ತೋರಿಸಿ ಎಂದು ಅವರು ಕೈ ಚಾಚಿದರಂತೆ. ಕಾಕಾ ತೋರಿಸಿದರಂತೆ.

ಇಲ್ಲಿ ನನ್ನ ನೆನಪಿಗೂ ಡೈರಿಗೂ ಜಗಳ. ಕಾಕು "ಅಂಕಿ ಹೇಳಿದ್ರು" ಎಂದರು ಎಂದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅದೇ ಸಂಜೆ ಧಾರವಾಡದ ಬಸ್ಸಿನಲ್ಲಿ ಬರೆದ ಡೈರಿಯಲ್ಲಿ 'ಕೈ ಹಿಡಿದು ಆಟ ಆಡಿದರಂತೆ' ಎಂದಿದೆ. ಎರಡರ ನಡುವೆ ಎಷ್ಟು ವ್ಯತ್ಯಾಸ ಎಂದು ಆಗ ನನಗೆ ಹೊಳೆಯಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಕಾಕಾ ಒಳಗೆ ಬಂದರು, ಮತ್ತು ನಾನು ಕೇಳಲಿಲ್ಲ, ದೂರಿದೆ. "ನೀವು ನಮ್ಮ ಸರ್‌ಗೆ ಅಂಕಿ ಕೊಟ್ಟೀರಿ, ಕಾಕಾ. ನಂಬಿ ನಿಮ್ಮ ಕೈಯಾಗ ಇಟ್ಟಿದ್ದೆ" ಎಂದೆ.

ಕಾಕುವಿನ ಕೈ ನಿಂತಿತು. ಕಾಕಾ ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತು ನನ್ನನ್ನು ನೋಡಿದರು. ಒಳಗೆ ಹೋಗಿ ಅಲಮಾರಿಯಿಂದ ಲಕೋಟೆ ತಂದು ನನ್ನ ಮುಂದೆ ಹಿಡಿದರು. "ಅರಗ ನೋಡವಾ" ಎಂದರು. ಅರಗು ಗಟ್ಟಿಯಾಗಿತ್ತು, ಉಂಗುರದ ಗುರುತು ಹೊಸದರಂತೆ ಇತ್ತು. ಅರಗು ಬೆರಳನ್ನು ಕಾಯುವುದಿಲ್ಲ ಎಂದು ನಾನೆಂದೆ. ಅವರು ಲಕೋಟೆಯನ್ನು ಗಿರಮಿಟ್ಟಿನ ತಟ್ಟೆಯ ಪಕ್ಕ ಇಟ್ಟು ಪೂಜೆಯ ಕೋಣೆಗೆ ಹೋದರು. ನಾನು ಅದನ್ನು ಎತ್ತಿಕೊಂಡು ಹೊರಟೆ. ಮಾರುಕಟ್ಟೆಯ ಮನುಷ್ಯನಿಗೆ, ಶಲ್ಯದ ಕೆಳಗಿನದನ್ನು ಹೊರಗೆ ಹೇಳಿದಿ ಎನ್ನುವುದಕ್ಕಿಂತ ದೊಡ್ಡ ಬೈಗಳವಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ.

ಸೋಮವಾರ ವಿದ್ಯಾರ್ಥಿನಿಗೆ ಎಲ್ಲ ಹೇಳಿದೆ. ಅವಳಿಗೆ ಇದು ಬರೀ ತತ್ವದ ಪ್ರಶ್ನೆಯಾಗಿರಲಿಲ್ಲ. ಗದಗಿನ ಒಂದು ಕಾಲೇಜಿನಲ್ಲಿ ಅವಳಿಗೆ ಉಪನ್ಯಾಸಕಿಯ ಜಾಗ ಸಿಗುವುದರಲ್ಲಿತ್ತು, ಜುಲೈಯೊಳಗೆ ಪ್ರಬಂಧ ಸಲ್ಲಿಸಿದರೆ. ಅವಳು ಬಹಳ ಹೊತ್ತು ದಾಖಲೆ ಪುಸ್ತಕ ತಿರುವಿ, ಅಕ್ಟೋಬರಿನ ಪುಟ ತೆರೆದು ನನ್ನ ಮುಂದೆ ಇಟ್ಟಳು. ಸರ್ ಹುಬ್ಬಳ್ಳಿಗೆ ಹೋಗುವ ಮುಂಚೆಯೇ ಹನ್ನೆರಡು ದಿನ ಉಳಿಸಿಕೊಳ್ಳಲು ತೀರ್ಮಾನಿಸಿದ್ದೆವು, ಸಹಿ ಇದೆ. ಅದನ್ನೇ ಮತ್ತೆ ಹಾಕೋಣ, ಮಾರ್ಚ್‌ನಿಂದ ಈಚಿನ ನಿರ್ಧಾರಗಳನ್ನೆಲ್ಲ ತೆಗೆದುಹಾಕೋಣ, ಲಕೋಟೆ ಒಡೆಯೋಣ ಎಂದಳು.

ಅವಳ ವಾದ ಸರಿಯಿತ್ತು. ಈಗ ನೋಡಿದರೆ ಆಗ ಅನಿಸಿದ್ದಕ್ಕಿಂತಲೂ ಹೆಚ್ಚು ಸರಿಯಿತ್ತು. ಆದರೆ ಆರು ಸಭೆಗಳಲ್ಲಿ ಅವರು ಯಾವುದಕ್ಕೆ ತಲೆಯಾಡಿಸಿದರು, ಯಾವುದಕ್ಕೆ ಇಲ್ಲ ಎಂಬುದು ನನ್ನ ತಲೆಯೊಳಗೆ ಸೇರಿಬಿಟ್ಟಿತ್ತು. ಹನ್ನೆರಡು ದಿನ ಬಿಟ್ಟರೆ ಅಂಕಿ ಪುಸ್ತಕದ ಕಡೆ ಸರಿಯುತ್ತದೆ ಎಂದು ಈಗ ನನ್ನ ಅನುಮಾನ. ಈ ಅನುಮಾನ ಇಟ್ಟುಕೊಂಡು ಅವುಗಳನ್ನು ಮತ್ತೆ ಸೇರಿಸಿದರೆ, ಅದು ಸರ್‌ಗೆ ವಿರುದ್ಧ ಮಾಡಿದ ಆಯ್ಕೆ. ಸೇರಿಸದಿದ್ದರೆ ಸರ್ ಮಾಡಿದ ಆಯ್ಕೆ. ಎರಡರಲ್ಲೂ ಕಣ್ಣು ತೆರೆದಿದೆ. ಅವರಿಗೆ ನಿಜವಾಗಿ ಅಂಕಿ ಗೊತ್ತೇ ಎಂದು ತಿಳಿಯಲು ಲಕೋಟೆ ಒಡೆಯಬೇಕು, ಒಡೆದರೆ ಅಳತೆ ಅಲ್ಲಿಗೇ ಮುಗಿಯುತ್ತದೆ.

ಇದನ್ನೆಲ್ಲ ಹೇಳಿದೆ. ಅವಳು ಕೇಳಿಕೊಂಡು, "ಒಂದ್ ಕೇಳ್ಲೇನ್ರಿ ಮೇಡಂ? ಅಂಕಿ ಹೊರಗ ಹೋತು ಅಂತ ನಿಮಗ ಸಿಟ್ಟೋ, ಸರ್ ಕಡೆ ಹೋತು ಅಂತ ಸಿಟ್ಟೋ?" ಎಂದಳು.

ಗೊತ್ತಿಲ್ಲ ಎಂದೆ. ಅದು ಪೂರ್ತಿ ನಿಜವಲ್ಲ. ಎರಡನೆಯದೂ ಇತ್ತು.

ಮೂರು ದಿನದ ನಂತರ ದಾಖಲೆ ಪುಸ್ತಕದಲ್ಲಿ ಬರೆದೆ: 'ಗುಟ್ಟಿನ ಅಂಕಿ ಉಳಿದಿದೆಯೆಂದು ಖಾತ್ರಿಯಿಲ್ಲ. ಒಂಬತ್ತು ತಿಂಗಳ ಅಳತೆಯನ್ನು ಫಲಿತಾಂಶವಾಗಿ ಬಳಸುವಂತಿಲ್ಲ. ಹೊಸ ಅಂಕಿಯೊಂದಿಗೆ ಮೊದಲಿನಿಂದ.' ನಾನು ಸಹಿ ಹಾಕಿದೆ. ಪುಸ್ತಕವನ್ನು ಅವಳತ್ತ ತಿರುಗಿಸಿದೆ. ಅವಳು ಅದನ್ನು ಪೂರ್ತಿ ಓದಿದಳು. ಸಹಿ ಮಾಡಿದಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಮಾಡುತ್ತಿರಲಿಲ್ಲ ಎಂದು ನನಗೆ ಹೆಚ್ಚು ಕಡಿಮೆ ಖಾತ್ರಿಯಿದೆ.

ಪೆಟ್ಟಿಗೆಯ ಅರಗು ಒಡೆಯುವಾಗ ಕಾಕಾನ ಅಂಕಿಯನ್ನು ನೋಡಬಾರದೆಂದು ಚಕ್ರಗಳ ಮೇಲೆ ಕಾಗದ ಹಿಡಿದು, ಲೆಕ್ಕವಿಲ್ಲದಷ್ಟು ಸಲ ತಿರುಗಿಸಿಬಿಟ್ಟೆವು. ಹೊಸ ಅಂಕಿ ಇಟ್ಟವರು ಬೇರೆ ಊರಿನ ಒಬ್ಬ ರಸಾಯನಶಾಸ್ತ್ರದ ಅಧ್ಯಾಪಕಿ. ಅವರು ಯಾರು ಎಂದು ಮುಖ್ಯಸ್ಥರಿಗೆ ಹೇಳಲಿಲ್ಲ. ಸಭೆಗಳಿಗೂ ಬರಬೇಡಿ ಎಂದೆ. ಅವರು ವಿಭಾಗದ ಎಲ್ಲರ ಎದುರು, "ನಮ್ಮ ಮೇಡಂಗ ನಂಬಿಕಿ ಅನ್ನೋದು ಅಳ್ಯಾಕ ಬರೂದಿಲ್ಲ" ಎಂದು ನಕ್ಕರು. ಉಳಿದವರೂ ನಕ್ಕರು.

ಹೊಸ ಸುತ್ತು ಹತ್ತು ತಿಂಗಳು ತೆಗೆದುಕೊಂಡಿತು. ಸೋಡಿಯಂ ಉಪ್ಪಿನ ಕಸುವು ಆ ಹೊತ್ತಿಗೆ ಇಳಿದಿತ್ತು, ಅಷ್ಟೇ ಎಣಿಕೆಗೆ ಹೆಚ್ಚು ದಿನ ಬೇಕಾಯಿತು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಶೋಧಕವೊಂದರ ವಿದ್ಯುತ್ ಪೂರೈಕೆ ಸುಟ್ಟಿತು. ಅದಕ್ಕೆ ಬದಲಿ ಬರುವವರೆಗೆ ಏಳು ವಾರ ಸುಮ್ಮನೆ ಕೂತೆವು. ಜುಲೈ ಕಳೆದು, ಗದಗಿನ ಜಾಗ ಬೇರೆಯವರಿಗೆ ಹೋಯಿತು. ಆ ಸುದ್ದಿಯನ್ನು ವಿದ್ಯಾರ್ಥಿನಿ ನನಗೆ ಹೇಳಲಿಲ್ಲ, ನಾನು ಇನ್ನೊಬ್ಬರಿಂದ ಕೇಳಿದೆ. ಮರುದಿನ ಅವಳು ಎಂದಿನಂತೆ ಬಂದು ಒತ್ತಡದ ಮಾಪಕ ಓದಿ ಬರೆದಳು.

ಕೊನೆಗೆ ಎಲ್ಲ ತಿದ್ದುಪಡಿಗಳನ್ನು ಬರೆದು ಸಹಿ ಮಾಡಿ, ಇನ್ನು ಏನನ್ನೂ ಮುಟ್ಟುವುದಿಲ್ಲ ಎಂದು ತೀರ್ಮಾನಿಸಿ, ಹೊಸ ಲಕೋಟೆ ಒಡೆದೆವು. ಅವಳು ಅಂಕಿಯನ್ನು ಕಂಪ್ಯೂಟರಿಗೆ ಹಾಕಿದಳು. ನಮ್ಮ ಆಯುಷ್ಯ ಪುಸ್ತಕದ ಆಯುಷ್ಯಕ್ಕೆ, ನಮ್ಮ ತಪ್ಪಿನ ಮಿತಿಯೊಳಗೆ, ಒಪ್ಪಿತು. ಮಿತಿ ಮಾತ್ರ ಬಯಸಿದಷ್ಟು ಕಿರಿದಾಗಲಿಲ್ಲ, ಹತ್ತು ಸಾವಿರದಲ್ಲಿ ಎಂಟು ಭಾಗ. ಅವಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ನನಗೂ ಸಂತೋಷವಾಯಿತು. ಅದು ಮುಖ್ಯಸ್ಥರು ಬಾಗಿಲಲ್ಲಿ ಬಂದು ನಿಲ್ಲುವವರೆಗೆ ಇತ್ತು.

"ನಾ ಅವತ್ತ ಹೇಳಿದ್ನಲ್ಲರೀ, ಒಪ್ಪತೈತಿ ಅಂತ" ಎಂದರು.

ಅವರು ಹೇಳಿದ್ದು ನಿಜವಾಗಿತ್ತು. ತಿಳಿಯದೆ ಹೇಳಿದ ನಿಜಕ್ಕೂ ಅಳೆದು ಹೇಳಿದ ನಿಜಕ್ಕೂ ಇರುವ ಅಂತರವನ್ನು ಆ ಬಾಗಿಲಲ್ಲಿ ನಿಂತವರಿಗೆ ಹೇಗೆ ತಿಳಿಸಲಿ? ಆ ಅಂತರಕ್ಕಾಗಿ ಒಬ್ಬ ಹೆಣ್ಣುಮಗಳ ಕೆಲಸ ಹೋಗಿತ್ತು, ಕಾಕಾನ ಜತೆ ಮಾತು ನಿಂತಿತ್ತು. ಧನ್ಯವಾದ ಸರ್ ಎಂದೆ. ಆ ಎರಡು ಶಬ್ದಗಳ ಮೇಲೆ ನನಗೆ ಈಗಲೂ ಸಿಟ್ಟಿದೆ.

ಹಳೆಯ ಲಕೋಟೆ ನನ್ನ ಬಳಿಯೇ ಇತ್ತು. ಅದನ್ನು ಒಡೆಯಲು ಈಗ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಒಡೆದರೆ ಕಾಕಾ ಚಕ್ರದಲ್ಲಿ ಏನು ಇಟ್ಟರು ಎಂದು ತಿಳಿಯುತ್ತದೆಯೇ ಹೊರತು, ಬೆರಳಿನಲ್ಲಿ ಏನು ಕೊಟ್ಟರು ಎಂದು ತಿಳಿಯುವುದಿಲ್ಲ. ಆಟ ತೋರಿಸುವವರು ನಿಜವಾದ ಅಂಕಿಯನ್ನೇ ಯಾಕೆ ಕೊಡಬೇಕು? ನಲವತ್ತು ವರ್ಷ ಗುಟ್ಟು ಕಾಯ್ದವರು ಅತಿಥಿಯ ಕೈಗೆ ಯಾವುದೋ ಒಂದು ಅಂಕಿ ಹಿಡಿಸಿ ನಕ್ಕಿರಬಹುದು. ಇಷ್ಟು ಸರಳವಾದದ್ದು ನನಗೆ ಆ ಭಾನುವಾರ ಹೊಳೆಯಲಿಲ್ಲ, ಅಥವಾ ಹೊಳೆಯಲು ನಾನು ಬಿಡಲಿಲ್ಲ. ಹಾಗೆ ಆಗಿದ್ದರೆ ಗುಟ್ಟು ಉಳಿದಿತ್ತು. ವಿದ್ಯಾರ್ಥಿನಿ ತೋರಿಸಿದ ಅಕ್ಟೋಬರಿನ ಪುಟ ಸಾಕಿತ್ತು. ಒಂಬತ್ತು ತಿಂಗಳ ಅಳತೆಯನ್ನು ಕೆಡಿಸಿದವಳು ನಾನೊಬ್ಬಳೇ. ನಿಜವಾದ ಅಂಕಿಯನ್ನೇ ಕೊಟ್ಟಿದ್ದರೆ ನನ್ನ ಸಿಟ್ಟಿಗೆ ಒಂದು ನೆಲೆಯಿದೆ.

ಕಳೆದ ತಿಂಗಳು ಹುಬ್ಬಳ್ಳಿಗೆ ಹೋದೆ. ವರ್ಷದ ಮೇಲಾಗಿತ್ತು, ಈ ನಡುವೆ ಏನು ಹೇಳುವುದಿದ್ದರೂ ಅವರು ಕಾಕುವಿನ ಮೂಲಕ ಹೇಳಿಸುತ್ತಿದ್ದರು. ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ನಾನು ಲಕೋಟೆಯನ್ನು ಅವರಿಗೆ ಹಿಂತಿರುಗಿಸಿದೆ. ಅವತ್ತು ದೂರಿದ್ದು ತಪ್ಪು, ಕೇಳಬೇಕಿತ್ತು, ಈಗ ಕೇಳುತ್ತೇನೆ ಎಂದೆ. ಅವರು ಅರಗಿನ ಮೇಲೆ ಹೆಬ್ಬೆರಳು ಆಡಿಸಿದರು, ಪೇಪರಿನ ಕೆಳಗೆ ಲಕೋಟೆ ಇಟ್ಟರು, ಕಾಕುವನ್ನು ಕರೆದು ಚಹಾ ಮಾಡಲು ಹೇಳಿದರು. ಚಹಾ ಬಂತು, ಕುಡಿದೆವು. ಬಸ್ ನಿಲ್ದಾಣಕ್ಕೆ ಆಟೊ ಹತ್ತುವವರೆಗೂ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದಾರೆ, ಮಳೆಯ ಬಗ್ಗೆ, ತಮ್ಮ ಕಣ್ಣಿನ ಬಗ್ಗೆ. ಅವತ್ತಿನ ನನ್ನ ಪ್ರಶ್ನೆಗೆ ಮಾತ್ರ ಉತ್ತರ ಬಂದಿಲ್ಲ. ಪದಗಳು ತಪ್ಪಬಾರದೆಂದು ಅದನ್ನು ಅಂದೇ ಬಸ್ಸಿನಲ್ಲಿ ಬರೆದಿಟ್ಟುಕೊಂಡೆ. ನಾನು ಕೇಳಿದ್ದು ಇಷ್ಟು:

"ಕಾಕಾ, ಅವತ್ತ ಶಲ್ಯದ ಕೆಳಗ ನೀವು ಸರ್ ಕೈಯಾಗ ಕೊಟ್ಟಿದ್ದು ಈ ಲಕೋಟಿ ಒಳಗಿನ ಅಂಕಿನೋ, ಸುಮ್ನ ಮನಸಿಗೆ ಬಂದ ಯಾವುದರ ಒಂದು ಅಂಕಿನೋ?"